ಮೂವತ್ತೇಳು ಪರ್ಸೆಂಟ್ ನೆಲ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಎರಡು ವಾರ ತಲೆ ಕೆರೆದುಕೊಂಡೆ. ಊರಿನ ಹೆಸರಿನಿಂದ ಶುರು ಮಾಡಿದರೆ ನನಗೂ ಒಂದು ನೋಟಿಸು ಬರುತ್ತದೆ. ಆದ್ದರಿಂದ ಹೆಸರಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕರ ನಡುವೆ ನಾನೇ ಕಟ್ಟಿಕೊಂಡ ಐದನೆಯ ಊರು ಎಂದಿಟ್ಟುಕೊಳ್ಳಿ. (ನಾಲ್ಕೂ ಊರಿನವರು ಇದು ಪಕ್ಕದೂರಿನ ಪುರಸಭೆ ಎಂದುಕೊಂಡು ನೆಮ್ಮದಿಯಾಗಿ ನಗಲಿ.)

ಮೊದಲ ಕರಡಿನಲ್ಲಿ ಪುರಸಭೆಯ ಸಭೆಯಿಂದ ಶುರು ಮಾಡಿದ್ದೆ. ಮೂರು ಪುಟವಾದರೂ ಸನ್ಮಾನವೇ ಮುಗಿಯಲಿಲ್ಲ. ಹರಿದೆ. ಎರಡನೆಯದರಲ್ಲಿ ಸೂರ್ಯ ಉದಯಿಸಿದ. ಅದನ್ನೂ ಹರಿದೆ. ಇನ್ನು ಕಾಳಪ್ಪನೇ ಗತಿ.

2

ಕಾಳಪ್ಪ ಮರಗೆಲಸದವನು. ವಯಸ್ಸು ಅರವತ್ತೆರಡು. ಹದಿನಾಲ್ಕು ವರ್ಷದ ಹಿಂದೆ ಊರಿನ ಸಂಘವೊಂದು ಕ್ರೀಡಾ ಮನರಂಜನಾ ಕೇಂದ್ರ ಕಟ್ಟಿದಾಗ ಅದರ ಹಾಲ್‌ಗೆ ತೇಗದ ನೆಲ ಹಾಸಿದವನು ಅವನೇ. ಒಂದು ಹಲಗೆಯ ಅಂಚು ಪಕ್ಕದ ಹಲಗೆಯ ಸೀಳಿನಲ್ಲಿ ಕೂರುವಂತೆ ಐದು ತಿಂಗಳು ಕೂತು ಹೊಂದಿಸಿದ್ದ. ಅದಾದ ಮೇಲೆ ಬಾಗಿಲು ಮಾಡಿದ್ದಾನೆ, ಮಂಚ ಮಾಡಿದ್ದಾನೆ. ಆದರೆ ಯಾರಾದರೂ ಅವನ ಕೆಲಸದ ಬಗ್ಗೆ ಕೇಳಿದರೆ ಆ ಹಾಲ್‌ಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ನಡೆದು ನೋಡಿ ಎನ್ನುತ್ತಿದ್ದ. ನೆಲ ಒಂದು ಸಲವೂ ಕಿರ್ ಎನ್ನುತ್ತಿರಲಿಲ್ಲ.

ಆ ನೆಲದ ಮೇಲೆ ಈಗ ಸಂಜೆ ಐದರಿಂದ ಆರರವರೆಗೆ ಶಟಲ್ ಆಡುವವರಲ್ಲಿ ಅವನ ಹೆಂಡತಿ ಸುಬ್ಬಮ್ಮನೂ ಒಬ್ಬಳು. ಮಂಡಿ ನೋವಿಗೆ ನಡೆದಾಡಿ ಎಂದಿದ್ದರು ಡಾಕ್ಟರು. ರಸ್ತೆಯಲ್ಲಿ ನಡೆದರೆ ನಾಯಿ, ಗುಂಡಿ, ನೆಂಟರು. ಹಾಗಾಗಿ ಬ್ಯಾಟು ಹಿಡಿದಳು. ಜೊತೆಗೆ ಏಳೆಂಟು ಹೆಂಗಸರು ಸೇರಿದರು. ಸೀರೆ ಎತ್ತಿ ಸಿಕ್ಕಿಸಿಕೊಂಡು ಸುಬ್ಬಮ್ಮ ಹೊಡೆಯುವ ಹೊಡೆತವನ್ನು ಕಾಳಪ್ಪ ಒಮ್ಮೆ ಕಿಟಕಿಯಿಂದ ನೋಡಿದ್ದ. ಮೂವತ್ತೈದು ವರ್ಷ ಸಂಸಾರ ಮಾಡಿದವಳು ಹಾಗೆ ಜೋರಾಗಿ ನಗಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ಒಳಗೆ ಹೋಗದೆ ವಾಪಸ್ ಬಂದಿದ್ದ.

3

ಗಂಡಸರೆಲ್ಲ ಬೈಪಾಸಿನ ಹೊಸ ಜಿಮ್ಮಿಗೆ ಹೋದಮೇಲೆ ಕೇಂದ್ರಕ್ಕೆ ಚಂದಾ ಬರುವುದು ನಿಂತಿತು. ಸಂಘದ ಕಾರ್ಯದರ್ಶಿ ಹೊನ್ನಪ್ಪ ಕೇಂದ್ರ ಮುಚ್ಚಿ ಜಾಗ ಮಾರಲು ಮೈಸೂರಿನ ಗಿರಾಕಿಯೊಬ್ಬನನ್ನು ಹುಡುಕಿಯೂ ಆಗಿತ್ತು. ಆಗ ಎಚ್ಚೆತ್ತಿತು ಪುರಸಭೆ. ಕಟ್ಟುವಾಗ ಅದು ಮೂವತ್ತೇಳು ಪರ್ಸೆಂಟ್ ಹಣ ಹಾಕಿತ್ತು. ಕರಾರಿನ ಪ್ರಕಾರ, ಕೇಂದ್ರ ಮುಚ್ಚಿದರೆ ‘ಸಮಸ್ತ ಚರ ಸ್ವತ್ತಿನಲ್ಲಿ’ ಅದೇ ಪ್ರಮಾಣದ ಪಾಲು ಪುರಸಭೆಗೆ.

ಎಂಟು ಕೇರಂ ಬೋರ್ಡುಗಳಲ್ಲಿ ಪುರಸಭೆಗೆ ಎರಡು ಮುಕ್ಕಾಲು ಚಿಲ್ಲರೆ ಬೋರ್ಡು ಬಂತು. (ಕಥೆಗಾರ ಉತ್ಪ್ರೇಕ್ಷೆ ಮಾಡುತ್ತಿದ್ದಾನೆ ಎನ್ನುವವರು ಯಾವುದಾದರೂ ಪುರಸಭೆಗೆ ಒಂದು ಖಾತೆ ಮಾಡಿಸಲು ಹೋಗಿ ಬನ್ನಿ, ಕಾಯುತ್ತೇನೆ.) ಬೆಲೆ ಬಾಳುವಂಥದ್ದು ಎಂದು ಉಳಿದದ್ದು ತೇಗದ ನೆಲ ಮಾತ್ರ. ನೆಲ ಚರವೋ ಸ್ಥಿರವೋ ಎಂದು ಎರಡು ತಿಂಗಳು ಪತ್ರವ್ಯವಹಾರ ನಡೆದು, ಕಿತ್ತರೆ ಚರ, ಬಿಟ್ಟರೆ ಸ್ಥಿರ ಎಂದು ತೀರ್ಮಾನವಾಯಿತು. ಕೀಳುವುದಾದರೆ ಮೊದಲು ಬೆಲೆ ಕಟ್ಟಬೇಕು. ಮುಖ್ಯಾಧಿಕಾರಿಗಳು ಕಾಳಪ್ಪನಿಗೆ ಹೇಳಿ ಕಳಿಸಿದರು.

ಪೂರ್ತಿ ನೆಲದಲ್ಲಿ ನೂರಕ್ಕೆ ಮೂವತ್ತೇಳು ಭಾಗ ಕಿತ್ತರೆ, ಜಾಗ ಮಾರುವ ತನಕವಾದರೂ ಹೆಂಗಸರು ಆಡುವುದು ಹೇಗೆ ಎಂದು ಕಾಳಪ್ಪ ಕೇಳಿದನಂತೆ. ಉಳಿದ ಅರವತ್ತಮೂರರಲ್ಲಿ ಆಡಲಿ ಎಂದರಂತೆ ಅವರು. ಮರಕ್ಕೆ ಬೆಲೆ ಇಲ್ಲದಿದ್ದರೆ, ಕೀಳುವ ಕೂಲಿಯೂ ಹುಟ್ಟದಿದ್ದರೆ ಬಿಟ್ಟುಬಿಡಬಹುದು, ಅದನ್ನು ಬರವಣಿಗೆಯಲ್ಲಿ ಕೊಡಬೇಕು ಎಂದೂ ಸೇರಿಸಿದರಂತೆ.

4

ಇಲ್ಲಿ ನಾನೊಂದು ಭಾಷಣ ಬರೆದಿಟ್ಟಿದ್ದೆ. ಕಾಳಪ್ಪ ತುಂಬಿದ ಸಭೆಯಲ್ಲಿ ಎದ್ದು ನಿಂತು, ದುಡಿಯುವ ಕೈಗಳ ಘನತೆಯ ಬಗ್ಗೆ ಒಂದೂವರೆ ಪುಟ ಮಾತಾಡುತ್ತಾನೆ. ಬಹುಮಾನಕ್ಕೆ ಕಳಿಸಬಹುದಾದಂಥ ಭಾಷಣ. ಓದಿ ಹೇಳಿದೆ. ಕೇಳಿದ ಕಾಳಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನೋಡಿ ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

“ಇಷ್ಟೆಲ್ಲ ನಂಗೆ ಮಾತಾಡಾಕ್ ಬರಾಕಿಲ್ಲ ಸಾ. ಬರ್ಕೊಡು ಅಂದವ್ರೆ, ಬರ್ಕೊಡ್ತೀನಿ.”

ಮೊದಲು ಇದ್ದದ್ದನ್ನೇ ಬರೆದ. ಒಂದನೇ ದರ್ಜೆ ತೇಗ, ಇನ್ನೂ ಐವತ್ತು ವರ್ಷ ಬಾಳಿಕೆ. ಓದಿಕೊಂಡ. ಎಲ್ಲ ಅಕ್ಷರವೂ ನಿಜ. ಈ ನಿಜ ಕೊಟ್ಟರೆ ನಾಳೆಯೇ ಹಾರೆ ಬರುತ್ತದೆ. ಹಾಳೆ ಮಡಿಸಿ ಜೇಬಿಗಿಟ್ಟು ಇನ್ನೊಂದು ಹಾಳೆ ತೆಗೆದುಕೊಂಡ. ‘ಸದರಿ ನೆಲದ ಮರ ಕಳಪೆ. ಹಾಸಿರುವ ಕೆಲಸವೂ ಕಳಪೆ. ಕಿತ್ತರೆ ಸೌದೆಗೆ ಆದೀತು.’ ಇಷ್ಟು ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು. ಕೆಳಗೆ ಸಹಿ ಹಾಕಿದ. ಅವನ ಕೆಲಸವನ್ನು ಇದುವರೆಗೆ ಯಾರೂ ಕಳಪೆ ಎಂದಿರಲಿಲ್ಲ. ಮೊದಲು ಅಂದವನು ತಾನೇ ಆದ.

5

ವರದಿ ಓದಿ ಪುರಸಭೆ ನೆಲ ಕೀಳುವುದನ್ನು ಕೈಬಿಟ್ಟಿತು. ಸುಖಾಂತ್ಯ ಬೇಕಾದವರು ಇಲ್ಲಿಗೇ ಎದ್ದು ಹೋಗಬಹುದು.

ಕೂತವರಿಗೆ: ಮುಂದಿನ ಸಭೆಯಲ್ಲಿ ಸದಸ್ಯರೊಬ್ಬರು, ಸಾರ್ವಜನಿಕರ ದುಡ್ಡಿನಲ್ಲಿ ಕಳಪೆ ನೆಲ ಹಾಸಿದವನು ಯಾರು ಎಂದು ಮೇಜು ಕುಟ್ಟಿದರು. ಕಡತ ತೆಗೆದರು. ಹಾಸಿದವನು ಕಾಳಪ್ಪ. ಸಾಕ್ಷಿ, ಕಾಳಪ್ಪನದೇ ಸಹಿ. ತನಿಖೆಗೆ ಆದೇಶವಾಯಿತು. ತನಿಖೆ ಮುಗಿಯುವವರೆಗೆ ಜಾಗ ಮಾರುವಂತಿಲ್ಲ, ಕಟ್ಟಡವನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ಸ್ಥಳೀಯ ಪತ್ರಿಕೆಯಲ್ಲಿ ಕಾಳಪ್ಪನ ಹೆಸರು ಬಂತು. ಮೂರನೇ ದಿನ ನಾಗಮಂಗಲದ ಕಲ್ಯಾಣ ಮಂಟಪದವರು ಫೋನ್ ಮಾಡಿ, ಮುಂಬಾಗಿಲಿನ ಕೆಲಸ ಬೇರೆಯವರಿಗೆ ಒಪ್ಪಿಸಿದ್ದೇವೆ ಎಂದರು. ಹೊನ್ನಪ್ಪ ಮನೆಯ ತನಕ ಬಂದು, ಗಿರಾಕಿ ಕೈತಪ್ಪಿದ್ದಕ್ಕೆ ಕಾಳಪ್ಪನನ್ನು ಬಾಯಿಗೆ ಬಂದಂತೆ ಬೈದು ಕಾಫಿ ಕುಡಿದು ಹೋದ.

ಸುಬ್ಬಮ್ಮ ಪೇಪರ್ ಓದಿದ್ದಳು. ಲೋಟ ತೊಳೆಯುತ್ತ ಕೇಳಿದಳು.

“ಅಂಗ್ಯಾಕ್ ಬರ್ಕೊಟ್ರಿ?”

ಮರ ಹಳೆಯದಾಯಿತು ಎಂದು ಅವನು ಏನೋ ಹೇಳಹೊರಟ.

“ಆ ನೆಲದ್ ಮ್ಯಾಲೆ ದಿನಾ ಕುಣಿಯೋಳು ನಾನು,” ಎಂದಳು. “ನಂಗೇಳ್ತೀರಾ?”

ಅವನು ಅವಳ ಕೈಯಿಂದ ಲೋಟ ತೆಗೆದುಕೊಂಡು ಒರೆಸಿಟ್ಟ.  ಮಾರನೆಯ ಸಂಜೆ ಆದೇಶದ ಜೆರಾಕ್ಸ್ ಹಿಡಿದು, ಗೆಳತಿಯರನ್ನು ಕಟ್ಟಿಕೊಂಡು ಕೇಂದ್ರಕ್ಕೆ ಹೋದಳು. ಬೀಗ ಹಾಕಲು ಬಂದಿದ್ದ ಪುರಸಭೆಯ ನೌಕರನಿಗೆ ಅದನ್ನು ಓದಿ ಹೇಳಿದಳು.

“ಯಥಾಸ್ಥಿತಿ ಅಂದ್ರೆ ಎಂಗಿತ್ತೋ ಅಂಗೆ ತಾನೆ? ಐದ್ ಗಂಟೆಗೆ ನಾವು ಆಡ್ತಿದ್ವಿ. ಆಡ್ದೇ ಓದ್ರೆ ಆದೇಶ ಮೀರ್ದಂಗಾಯ್ತದೆ. ನಮ್ಮ ಮ್ಯಾಲೂ ತನಿಖೆ ಬತ್ತದೆ.”

ನೌಕರ ಆದೇಶವನ್ನು ಎರಡು ಸಲ ಓದಿ ಬೀಗವನ್ನು ಜೇಬಿಗಿಟ್ಟುಕೊಂಡ.

6

(ಕೈಬಿಟ್ಟ ಅಂತ್ಯ ಒಂದು: ಮುಖ್ಯಾಧಿಕಾರಿಯ ಹೆಂಡತಿಯೂ ಶಟಲ್ ಆಡಲು ಬಂದು ಅವರ ಮನಸ್ಸು ಕರಗುತ್ತದೆ. ಆ ಮನುಷ್ಯನನ್ನು ನಾನೇ ಸೃಷ್ಟಿಸಿದ್ದು, ಕರಗುವ ಪೈಕಿ ಅಲ್ಲ. ಅಂತ್ಯ ಎರಡು: ಮಂತ್ರಿಗಳು ಬರುತ್ತಾರೆ. ಬರಲಿಲ್ಲ, ಕಾರ್ಯಕ್ರಮ ಮುಂದೂಡಲ್ಪಟ್ಟಿತು.)

7

ನಾಲ್ಕನೇ ವಿಚಾರಣೆಗೆ ತನಿಖಾಧಿಕಾರಿ ಪುಟ್ಟರಾಜು ಸ್ಥಳಕ್ಕೇ ಬಂದರು. ಶೂ ಬಿಚ್ಚಿ ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆದರು. ಕೂತು ಅಂಗೈಯಿಂದ ಸವರಿದರು. ಜೇಬಿನಿಂದ ಒಂದು ಗೋಲಿ ತೆಗೆದು ನೆಲದ ಮೇಲಿಟ್ಟರು. ಅದು ಇಟ್ಟಲ್ಲೇ ನಿಂತಿತು.

“ಇದ್ರಲ್ಲಿ ಏನ್ರೀ ಕಳಪೆ? ತೋರ್ಸಿ.”

ಕಾಳಪ್ಪ ಲೆಕ್ಕ ಹಾಕಿದ. ಬರೆದದ್ದು ಸುಳ್ಳು ಎಂದರೆ ತನಿಖೆ ಇಲ್ಲಿಗೇ ಮುಗಿಯಿತು, ನಾಳೆ ಹಾರೆ. ಸುಳ್ಳನ್ನು ಕೈಯಿಟ್ಟು ತೋರಿಸುವುದು ಹೇಗೆ? ಬಾಯಿ ಸುಳ್ಳು ಹೇಳಬಹುದು, ಪೆನ್ನು ಹೇಳಿಯಾಗಿತ್ತು. ಬೆರಳು ಮಾತ್ರ ಒಪ್ಪಲಿಲ್ಲ. ನಿಧಾನವಾಗಿ ಪೂರ್ವದ ಗೋಡೆಯ ಹತ್ತಿರ ಹೋಗಿ ಮಂಡಿಯೂರಿ ಕೂತ. ಅಲ್ಲಿ ಎರಡು ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಇತ್ತು. ಹಾಸಿದ ದಿನ ಅವನಿಗೆ ಜ್ವರ. ಸರಿಮಾಡಲು ಮತ್ತೆ ಸಮಯ ಸಿಕ್ಕಿರಲಿಲ್ಲ. ಹದಿನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ, ಸುಬ್ಬಮ್ಮನಿಗೂ.

“ಇಲ್ಲೈತೆ ನೋಡಿ ಸಾ. ತಪ್ಪು ನಂದೇಯ.”

ಪುಟ್ಟರಾಜು ಬಗ್ಗಿದರು. ಕನ್ನಡಕ ತೆಗೆದರು, ಹಾಕಿದರು. ಏನೂ ಕಾಣಲಿಲ್ಲ. ಆದರೆ ಆ ಮುದುಕನ ಕಣ್ಣಿನಲ್ಲಿ ನೀರಾಡುತ್ತಿದ್ದದ್ದು ಕಂಡಿತು. ಇದು ನಾಟಕವಲ್ಲ ಎಂದು ಅವರಿಗೆ ಖಾತ್ರಿಯಾಯಿತು. ‘ದೋಷ ಕಂಡುಬಂದಿದೆ. ಹೆಚ್ಚಿನ ತನಿಖೆ ಅಗತ್ಯ’ ಎಂದು ಬರೆದುಕೊಂಡು ಹೋದರು.

8

ಈಗ ನನ್ನ ಸರದಿ. ಕಾಳಪ್ಪನನ್ನು ಖುಲಾಸೆ ಮಾಡುವ ಅಂತ್ಯ ಸಿದ್ಧವಿತ್ತು. ಜೇಬಿನಲ್ಲಿದ್ದ ಮೊದಲ ಹಾಳೆ ಹೊರಬಂದು, ಸತ್ಯ ಗೊತ್ತಾಗಿ, ಪತ್ರಿಕೆ ತಿದ್ದುಪಡಿ ಹಾಕುತ್ತದೆ. ಅವನ ಹೆಸರಿಗಾದ ಅನ್ಯಾಯ ನನಗೂ ಚುಚ್ಚುತ್ತಿತ್ತು. ಓದಿ ಹೇಳಿದೆ.

“ಮುಗುಸ್ಬ್ಯಾಡಿ ಸಾ,” ಎಂದ. ಕಥೆ ಮುಗಿದರೆ ತನಿಖೆಯೂ ಮುಗಿಯುತ್ತದಲ್ಲ ಎಂದು ನನಗೇ ವಿವರಿಸಿದ.

ಹಾಗಾದರೆ ನಿನ್ನ ಹೆಸರು ಕೆಟ್ಟೇ ಉಳಿಯುತ್ತದೆ ಎಂದೆ.

ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದರ ತುದಿ ನೋಡಿದ. ಸುಲಭವಾಗಿ ಒಪ್ಪಿದನೆಂದು ನೀವು ತಿಳಿಯಬಾರದು.

“ಇರ್ಲಿ ಬುಡಿ. ಅವ್ಳು ಆಡ್ಕಳ್ಳಿ.”

ಕೊನೆಯ ಪ್ಯಾರಾ ತೆಗೆದುಹಾಕಿದ್ದೇನೆ. ಅತೃಪ್ತ ಓದುಗರು ಲಿಖಿತ ದೂರು ಕೊಡಬಹುದು. ತನಿಖೆಗೆ ಒಪ್ಪಿಸಲಾಗುವುದು.