ಬಾರದ ಅತಿಥಿಯ ಭಾಷಣ

ಸಮ್ಮೇಳನ ಶುರುವಾಗುವುದು ಹನ್ನೊಂದು ಗಂಟೆಗೆ. ಹೊನ್ನಪ್ಪನವರು ಅದರ ವರದಿಯನ್ನು ಬೆಳಗಿನ ಕಾಫಿಯ ಜೊತೆಗೇ ಬರೆದು ಮುಗಿಸಿದ್ದರು.

"ಅಲ್ಲ ಕಣ್ರೀ, ಅಲ್ಲಿ ಇನ್ನೂ ಸಾಮಿಯಾನನೇ ಕಟ್ಟಿಲ್ಲ. ಆಗ್ಲೇ ಭಾಸಣ ಮುಗಿದೋಯ್ತಾ?" ಎಂದು ಹೆಂಡತಿ ಪಾರ್ವತಮ್ಮ ಲೋಟ ತೆಗೆದುಕೊಳ್ಳುತ್ತಾ ಕಿಚಾಯಿಸಿದರು.

"ಮುಗೀತು ಕಣೆ. ಚಪ್ಪಾಳೆನೂ ಬಿತ್ತು," ಎಂದು ಹೊನ್ನಪ್ಪನವರು ಕವರಿಗೆ ಗೋಂದು ಹಚ್ಚಿದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಹೊನ್ನಪ್ಪನವರು ಕುಲಾವಿ ಹೊಲಿಸಿ, ತೊಟ್ಟಿಲು ಕಟ್ಟಿ, ಹೆಸರನ್ನೂ ಇಟ್ಟುಬಿಡುವ ಪೈಕಿ. ಹಾಗಂತ ಅವರನ್ನು ಸುಳ್ಳುಗಾರರೆಂದು ಪಾಂಡವಪುರದಲ್ಲಿ ಯಾರೂ ಅನ್ನುತ್ತಿರಲಿಲ್ಲ. ಮೈಸೂರಿನ ಪತ್ರಿಕೆಯೊಂದಕ್ಕೆ ಅವರು ಬಹಳ ವರ್ಷಗಳಿಂದ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದರು. ಫ್ಯಾಕ್ಸು ಎಂಬುದು ಆಗಷ್ಟೇ ದೊಡ್ಡ ಊರುಗಳಿಗೆ ಬಂದಿದ್ದ ಕಾಲ. ಕಿಕ್ಕೇರಿಯಿಂದ ಹೊರಟು ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಮಧ್ಯಾಹ್ನದ ಖಾಸಗಿ ಬಸ್ಸಿನ ಕಂಡಕ್ಟರ್ ಚಿಕ್ಕಸ್ವಾಮಿಯ ಕೈಗೆ ಕವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸಭೆ ಮುಗಿಯುವ ತನಕ ಕಾದರೆ ಬಸ್ಸು ಹೋಗಿರುತ್ತಿತ್ತು. ಮಾರನೆಯ ದಿನ ಕಳಿಸಿದರೆ ತಂಗಳು ಎಂದು ಪತ್ರಿಕೆಯವರು ಬುಟ್ಟಿಗೆ ಹಾಕುತ್ತಿದ್ದರು. ಹೀಗಾಗಿ ಹೊನ್ನಪ್ಪನವರು ಆಮಂತ್ರಣ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ಮುಖ್ಯ ಅತಿಥಿ ಏನೆಂದರು ಎಲ್ಲವನ್ನೂ ಮೊದಲೇ ಬರೆದುಬಿಡುತ್ತಿದ್ದರು. ಅತಿಥಿಗಳಿಗೂ ಇದರಿಂದ ಬೇಸರವಿರಲಿಲ್ಲ. ತಾವು ಆಡಿದ್ದಕ್ಕಿಂತ ಹೊನ್ನಪ್ಪ ಬರೆದದ್ದೇ ಚೆನ್ನಾಗಿರುತ್ತದೆ ಎಂಬುದು ಅವರಿಗೂ ಗೊತ್ತಿತ್ತು.

ಅತಿಥಿಗಳ ಬಾಯಿಗೆ ಹಾಕಲು ಅವರ ಬಳಿ ಕೆಲವು ಖಾಯಂ ಮಾತುಗಳಿದ್ದವು. ಕಾಲೇಜಿನ ಸಮಾರಂಭವಾದರೆ, "ಹಳ್ಳಿಗಾಡಿಗೆ ಇಂದು ಬಸ್ಸಿನ ಸೌಕರ್ಯ ಚೆನ್ನಾಗಿದೆ, ಹೆಣ್ಣುಮಕ್ಕಳು ಅದರ ಸದುಪಯೋಗ ಪಡೆದು ಓದಿನಲ್ಲಿ ಮುಂದೆ ಬರಬೇಕು." ಇದು ಅವರಿಗೆ ತುಂಬಾ ಇಷ್ಟವಾದ ಸಾಲು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಈವತ್ತಿನ ಕವರಿನಲ್ಲೂ ಅದೇ ಇತ್ತು.

ಈವತ್ತಿನ ಸಮ್ಮೇಳನವೇನೂ ಸಣ್ಣದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕುಗಳಿಂದ ಕಾಲೇಜಿನ ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆ ನಡೆಸುವ ಮಕ್ಕಳನ್ನೆಲ್ಲ ಕಲೆಹಾಕಿ ಕನ್ನಡ ಮೇಷ್ಟ್ರು ಮಹದೇವಸ್ವಾಮಿ ಏರ್ಪಡಿಸಿದ್ದರು. ಉದ್ಘಾಟನೆಗೆ ಒಬ್ಬ ದೊಡ್ಡ ಮನುಷ್ಯರು ಬರುವವರಿದ್ದರು. 'ಸುದ್ದಿ ಮತ್ತು ಸತ್ಯ' ಎಂಬ ವಿಷಯದ ಮೇಲೆ ಮಾತನಾಡಲು ಹೊನ್ನಪ್ಪನವರನ್ನೇ ಕರೆದಿದ್ದರು. ಅವರು ಮಲ್ಲಿನ ಪಂಚೆ ಉಟ್ಟು, ಹೊಸ ಶಲ್ಯ ಹೊದ್ದು, ಬಸ್‌ಸ್ಟ್ಯಾಂಡಿನಲ್ಲಿ ಹನ್ನೆರಡರ ಹೊತ್ತಿಗೆ ಬಂದ ಚಿಕ್ಕಸ್ವಾಮಿಗೆ ಕವರು ಒಪ್ಪಿಸಿ, ಸಭೆ ಹೇಗೂ ತಡವಾಗಿಯೇ ಶುರುವಾಗುತ್ತದೆಂದು ಆಮೇಲೆ ಕಾಲೇಜಿಗೆ ಬಂದರು.

ದೊಡ್ಡ ಮನುಷ್ಯರು ಮಾತ್ರ ಬರಲಿಲ್ಲ. ಹನ್ನೆರಡು ಕಳೆಯಿತು, ಹನ್ನೆರಡೂವರೆಯೂ ಆಗುತ್ತಾ ಬಂತು. ಸ್ವಾಗತ ಗೀತೆಯ ಹುಡುಗಿಯರು ಎರಡು ಸಲ ಗಂಟಲು ಸರಿಮಾಡಿಕೊಂಡು ಎರಡು ಸಲ ಸುಮ್ಮನಾದರು. ಕಡೆಗೆ ಅವರ ಕಡೆಯವರೊಬ್ಬರು ಬಂದು, ಬೆಂಗಳೂರಿನಿಂದ ಕರೆ ಬಂದದ್ದರಿಂದ ಬರಲಾಗುವುದಿಲ್ಲ ಎಂದು ಹೇಳಿ ಕಾಫಿ ಕುಡಿದು ಹೋದರು. ಹೊನ್ನಪ್ಪನವರು ಶಲ್ಯ ಸರಿಮಾಡಿಕೊಂಡು ತಮ್ಮಷ್ಟಕ್ಕೆ ನಕ್ಕರು. ಕವರಿನಲ್ಲಿ ಆ ಮಹನೀಯರು ಆಗಲೇ ದೀಪ ಹಚ್ಚಿ, ಭಾಷಣ ಮಾಡಿ, ಚಪ್ಪಾಳೆ ಗಿಟ್ಟಿಸಿ ಶ್ರೀರಂಗಪಟ್ಟಣದ ಹಾದಿ ಹಿಡಿದಿದ್ದರು. ಇಂಥದ್ದು ಹಿಂದೆಯೂ ಆಗಿತ್ತು. ಯಾರೂ ಬಂದು ಕೇಳಿರಲಿಲ್ಲ.

ಮಹದೇವಸ್ವಾಮಿ ಮೈಕಿನ ಮುಂದೆ ನಿಂತು, "ಮಕ್ಕಳೇ, ಅತಿಥಿಗಳ ಹೊತ್ತು ಈಗ ನಿಮ್ಮದು. ನಿಮ್ಮ ಗೋಡೆ ಪತ್ರಿಕೆಗೆ ನೀವು ಬರೆದ ಒಂದು ಸುದ್ದೀನ ಬಂದು ಹೇಳಿ," ಎಂದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹುಣಸೆಕೊಪ್ಪಲಿನ ರಂಜಿತ ಎದ್ದಳು. ಎರಡನೇ ಪಿಯುಸಿಯ ಹುಡುಗಿ. ಮೈಕು ಅವಳಿಗಿಂತ ಎತ್ತರದಲ್ಲಿತ್ತು. ಅದನ್ನು ಬಗ್ಗಿಸಲು ಯಾರಿಗೂ ಹೊಳೆಯಲಿಲ್ಲ, ಅವಳೇ ತುದಿಗಾಲಲ್ಲಿ ನಿಂತಳು.

"ನಮ್ಮ ಕಾಲೇಜ್ ಗೇಟ್ ಹತ್ರ ಸಂಜೆ ಬಸ್ಸು ನಿಲ್ಲುಸೋದಿಲ್ಲ ಸಾರ್. ನಾವು ಅರ್ಧ ಚಾರ್ಜಿನೋರು ಅಂತ. ಕೈ ಅಡ್ಡ ಹಾಕಿದ್ರೂ ಹೊಂಟೋಗ್ತಾರೆ. ಇನ್ನೊಂದು ಬಸ್ಸು ಬರೋದು ಕತ್ತಲಾದ್ಮೇಲೆ. ಇದ್ನೇ ನಾನು ಗೋಡೆ ಪತ್ರಿಕೆಗೆ ಬರ್ದಿದ್ದು."

ಅಷ್ಟು ಹೇಳಿ ಇಳಿಯಲು ಹೊರಟವಳು ಮತ್ತೆ ತಿರುಗಿದಳು. ಹೇಳಲೋ ಬೇಡವೋ ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಮ್ಮಪ್ಪ ಇದ್ನ ನಂಬೋದಿಲ್ಲ ಸಾರ್. ಹೋದ ವರ್ಷ ಕಾಲೇಜ್ ಡೇ ಆದಾಗ ಪೇಪರ್ನಲ್ಲಿ ಬಂದಿತ್ತು, ಹಳ್ಳಿಗಾಡಿಗೆ ಬಸ್ಸಿನ ಸೌಕರ್ಯ ಚೆನ್ನಾಗದೆ ಅಂತ. ಅದ್ನ ಕತ್ತರಿಸಿ ದೇವರ ಫೋಟೊ ಹಿಂದೆ ಮಡಗವ್ರೆ. 'ಅಚ್ಚಾಗಿರೋದು ಸುಳ್ಳಾದದಾ? ಬಸ್ಸು ಚೆನ್ನಾಗಿದ್ಮೇಲೆ ನೀನು ಇಷ್ಟೊತ್ತು ಎಲ್ಲಿಗೋಗಿದ್ದೆ?' ಅಂತಾರೆ. ನಮ್ಮೂರ್ನಲ್ಲೇ ಇರೋ ನನ್ನ ಫ್ರೆಂಡು ಚಲುವಾಂಬನ ಅಪ್ಪನೂ ಅದ್ನೇ ಓದಿ, ಅವಳು ಸುಳ್ಳು ಹೇಳ್ತಾಳೆ ಅಂತ ಕಾಲೇಜ್ ಬಿಡುಸ್ಬುಟ್ರು. ಇನ್ನೊಂದು ದಿನ ಕತ್ತಲು ಮಾಡ್ಕೊಂಡು ಬಂದ್ರೆ ನಿಂದೂ ಮುಗೀತು ಅಂದವ್ರೆ ನಮ್ಮಪ್ಪ. ಆ ಪೇಪರ್ನಲ್ಲಿರೋದು ಯಾರೋ ದೊಡ್ಡೋರು ಹೇಳಿರೋ ಮಾತಂತೆ. ಅವರ್ನ ಕರ್ಕೊಂಡ್ಬಂದು ಒಂದು ಸಂಜೆ ನಮ್ ಜೊತೆ ನಿಲ್ಲುಸ್ಬೇಕು ಸಾರ್."

ಸಭೆಯಲ್ಲಿ ನಗು ಎದ್ದಿತು. ಹೊನ್ನಪ್ಪನವರು ಮಾತ್ರ ನಗಲಿಲ್ಲ. ಹೋದ ವರ್ಷದ ಆ ಸಮಾರಂಭಕ್ಕೆ ಬಂದಿದ್ದ ಅತಿಥಿ ಮಾತನಾಡಿದ್ದು ಬರೀ ಕಬ್ಬಿನ ತಳಿಗಳ ಬಗ್ಗೆ. ಬಸ್ಸಿನ ಮಾತು ಆ ಪುಣ್ಯಾತ್ಮನ ಬಾಯಿಂದ ಬಂದದ್ದೇ ಅಲ್ಲ. ಒಂದು ಹೆಣ್ಣುಮಗುವಿನ ಓದು ತಮ್ಮ ಪೆನ್ನಿನಿಂದ ನಿಂತುಹೋಗಿತ್ತು, ಈವತ್ತಿನ ತನಕ ತಮಗೆ ಅವಳ ಹೆಸರು ಕೂಡ ಗೊತ್ತಿರಲಿಲ್ಲ. ಈಗ ಅದೇ ಸಾಲು ಮತ್ತೆ ಬಸ್ಸಿನಲ್ಲಿ ಹೋಗುತ್ತಿದೆ. ನಾಳೆ ಬೆಳಿಗ್ಗೆ ಹುಣಸೆಕೊಪ್ಪಲಿನ ಟೀ ಅಂಗಡಿಗೆ ಪತ್ರಿಕೆ ಬರುತ್ತದೆ, ಇವಳ ಅಪ್ಪ ಓದುತ್ತಾನೆ. ಅವರಿಗೆ ಕುಳಿತಲ್ಲೇ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಮುಂದಿನ ಭಾಷಣ ನಮ್ಮೆಲ್ಲರ ಪ್ರೀತಿಯ ಹೊನ್ನಪ್ಪನವರದು," ಎಂದು ಮಹದೇವಸ್ವಾಮಿ ಹೇಳುವುದಕ್ಕೂ ಹೊನ್ನಪ್ಪನವರು ಅವರ ಕೈ ಹಿಡಿದು ವೇದಿಕೆಯಿಂದ ಕೆಳಗೆ ಎಳೆಯುವುದಕ್ಕೂ ಸರಿಹೋಯಿತು.

"ಮೇಷ್ಟ್ರೇ, ಸ್ಕೂಟರ್ ಕೀ ಕೊಡಿ. ಬ್ಯಾಡ, ನೀವೇ ಬನ್ನಿ. ನನ್ಗೆ ಓಡ್ಸಾಕೆ ಬರಾಕಿಲ್ಲ."

"ಭಾಷಣ ಸಾರ್?"

"ಅದು ಆಮೇಲೆ. ಚಿಕ್ಕಸ್ವಾಮಿ ಬಸ್ಸು ಹಿಡೀಬೇಕು."

ಶಲ್ಯ ಗಾಳಿಗೆ ಹಾರಿಸಿಕೊಂಡು ಹೊನ್ನಪ್ಪನವರು ಸ್ಕೂಟರಿನ ಹಿಂದೆ ಕುಳಿತು ಹೋದದ್ದನ್ನು ನಾಲ್ಕು ತಾಲ್ಲೂಕಿನ ಮಕ್ಕಳೂ ಶಾಮಿಯಾನದಡಿಯಿಂದ ಇಣುಕಿ ನೋಡಿದರು. ಮೇಷ್ಟ್ರ ಸ್ಕೂಟರು ಅವರಷ್ಟೇ ಸಾವಧಾನದ್ದು. ಆದರೂ ಡ್ರೈವರು ಶ್ರೀರಂಗಪಟ್ಟಣದಲ್ಲಿ ಊಟಕ್ಕೆ ಇಳಿಯುತ್ತಿದ್ದುದರಿಂದ ಬಸ್ಸು ಅಲ್ಲೇ ನಿಂತಿತ್ತು. ಚಿಕ್ಕಸ್ವಾಮಿ ಫುಟ್‌ಬೋರ್ಡಿನ ಮೇಲೆ ಕುಳಿತು ಸೌತೆಕಾಯಿ ತಿನ್ನುತ್ತಿದ್ದ.

"ಆ ಕವರು ಕೊಡ್ಲಾ ಚಿಕ್ಕಸ್ವಾಮಿ."

"ಯಾಕ್ ಸಾ? ನಿಮ್ಮಪ್ಪನೇ ಬಂದು ಕೇಳುದ್ರೂ ಕೊಡ್ಬ್ಯಾಡ ಅಂದಿದ್ರಿ."

"ನಾನು ನಮ್ಮಪ್ಪ ಅಲ್ಲ ಕಣ್ಲಾ. ಕೊಡು."

ಕವರು ಕೈಗೆ ಬಂದ ಮೇಲೆ ಹೊನ್ನಪ್ಪನವರು ಅದನ್ನು ಎರಡಾಗಿ ಹರಿದು ಜೇಬಿಗೆ ಹಾಕಿಕೊಂಡರು. ಅಲ್ಲಿಗೆ ಅವರ ಕೆಲಸ ಮುಗಿದಿತ್ತು. ಆದರೆ ಸಂಜೆ ಮೈಸೂರಿನಿಂದ ವಾಪಸು ಕಾಲೇಜಿನ ಮುಂದೆಯೇ ಹಾದುಹೋಗುವ ಬಸ್ಸು ಎದುರಿಗೇ ನಿಂತಿತ್ತು. ಎಷ್ಟೋ ವರ್ಷಗಳ ಮೇಲೆ ಅವರಿಗೆ ಒಬ್ಬರನ್ನು ಏನಾದರೂ ಕೇಳಬೇಕೆನ್ನಿಸಿತು.

"ಸಂಜೆ ಕಾಲೇಜ್ ಗೇಟಲ್ಲಿ ಯಾಕ್ಲಾ ನಿಲ್ಲುಸಲ್ಲ ನೀನು?"

ಚಿಕ್ಕಸ್ವಾಮಿ ಸೌತೆಕಾಯಿ ಕೆಳಗಿಟ್ಟ. "ಅದಾ ಸಾ. ಐಕ್ಳು ಅರ್ಧ ಚಾರ್ಜು. ಅವು ಅತ್ಕೊಂಡ್ರೆ ಫುಲ್ ಚಾರ್ಜಿನೋರ್ಗೆ ಜಾಗ ಇರಾಕಿಲ್ಲ. ಕಲೆಕ್ಷನ್ ಕಮ್ಮಿ ಆಯ್ತು ಅಂದ್ರೆ ಓನರ್ರು ಬ್ಯಾಗ್ನ ನನ್ನ ಮಕಕ್ಕೇ ಎಸೀತಾರೆ. 'ನಾಳಿಂದ ಬರ್ಬ್ಯಾಡ' ಅಂತಾರೆ. ನನ್ಗೂ ಎಣ್ಮಗ ಅದೆ ಸಾ. ಅದ್ನೂ ಓದುಸ್ಬೇಕು. ಆ ಎಣೈಕ್ಳು ಕೈ ಅಡ್ಡ ಆಕ್ದಾಗ ನಾನು ಆ ಕಡೆ ಮಕ ಮಾಡ್ಕೊಂಬುಡ್ತೀನಿ."

ಅವನ ಮೇಲೆ ಸಿಟ್ಟು ಮಾಡಲು ಹೊರಟಿದ್ದ ಹೊನ್ನಪ್ಪನವರಿಗೆ ಸಿಟ್ಟು ಬರಲಿಲ್ಲ. ತಾವೂ ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ಲವೇ ಅನ್ನಿಸಿತು.

ಅವರು ಹಿಂದಿರುಗುವಷ್ಟರಲ್ಲಿ ಸಮ್ಮೇಳನ ಮುಗಿದು, ಬಿಸಿಬೇಳೆ ಬಾತಿನ ಪಾತ್ರೆಗಳನ್ನು ತೊಳೆಯುತ್ತಿದ್ದರು. "ಮನೆಗೆ ಬಿಡ್ಲಾ ಸಾರ್? ಈವತ್ತಿನ ಸುದ್ದಿಯಂತೂ ಹೋಗ್ಲಿಲ್ಲ," ಎಂದರು ಮಹದೇವಸ್ವಾಮಿ. "ಇನ್ನೂ ಆಗಿಲ್ಲ ಮೇಷ್ಟ್ರೇ ಸುದ್ದಿ," ಎಂದು ಹೊನ್ನಪ್ಪನವರು ಗೇಟಿನ ಬಳಿಯೇ ಇಳಿದುಕೊಂಡರು.

ಸಂಜೆ ರಂಜಿತ ಮತ್ತು ಅವಳೂರಿನ ಇನ್ನಿಬ್ಬರು ಹುಡುಗಿಯರು ಬಂದು ಬೇವಿನ ಮರದ ಕೆಳಗೆ ನಿಂತರು. ಮಲ್ಲಿನ ಪಂಚೆಯ ಭಾಷಣಕಾರರು ತಮ್ಮ ಜೊತೆ ಬಸ್ಸಿಗೆ ಕಾಯುತ್ತಿರುವುದನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ. ಹೊನ್ನಪ್ಪನವರೂ ನಕ್ಕರು. ಶ್ರೀರಂಗಪಟ್ಟಣದಿಂದ ಬರುವ ದಾರಿಯಲ್ಲಿ ಕೊಂಡು ಜೇಬಿಗೆ ಹಾಕಿಕೊಂಡಿದ್ದ ಕಡಲೆಕಾಯಿ ಹಂಚಿದರು.

ಬಸ್ಸು ಬಂತು. ಹುಡುಗಿಯರು ಕೈ ಅಡ್ಡ ಹಾಕಿದರು, ಹೊನ್ನಪ್ಪನವರೂ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಸ್ವಾಮಿ ಅವರನ್ನು ನೋಡಿದ. ಅವನ ಕೈ ಬೆಲ್ಲಿನ ಹಗ್ಗದ ತನಕ ಹೋಯಿತು. ಆಮೇಲೆ ಕೆಳಗಿಳಿಯಿತು. ಬಸ್ಸು ಅವರ ಮೇಲೆ ಧೂಳು ಎರಚಿ ಕೆ.ಆರ್.ಪೇಟೆಯ ರಸ್ತೆಯಲ್ಲಿ ಚಿನಕುರಳಿ ಕಡೆಗೆ ಹೊರಟುಹೋಯಿತು. ಹುಡುಗಿಯರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

ಹೊನ್ನಪ್ಪನವರು ರಂಜಿತಳ ಹತ್ತಿರ ಒಂದು ಹಾಳೆ ಕೇಳಿ ಇಸಿದುಕೊಂಡು, ಮೈಲಿಗಲ್ಲಿನ ಮೇಲೆ ಕುಳಿತು, ಕಂಡಷ್ಟನ್ನು ಕಂಡಂತೆ ಬರೆದರು. ಉದ್ಘಾಟಕರು ಬರಲಿಲ್ಲ ಎಂದು ಬರೆದರು. ಅವರ ಬದಲು ಒಬ್ಬ ವಿದ್ಯಾರ್ಥಿನಿ ಮಾತನಾಡಿದಳು ಎಂದು ಬರೆದರು. ಕಂಡಕ್ಟರನ ಕಷ್ಟವನ್ನೂ ಅವನ ಹೆಸರು ಹಾಕದೆ ಬರೆದರು. ನಾಳೆ ಪತ್ರಿಕೆಯವರು ತಂಗಳು ಎಂದರೆ ತಾವೇ ಮೈಸೂರಿಗೆ ಹೋಗಿ ಜಗಳವಾಡುವುದೆಂದು ತೀರ್ಮಾನಿಸಿದರು.

ಮಬ್ಬು ಕವಿಯುವ ಹೊತ್ತಿಗೆ ರಂಜಿತಳ ಅಪ್ಪ ಮುದ್ದಯ್ಯ ಸೈಕಲ್ ತುಳಿದುಕೊಂಡು ಬಂದ. ಬ್ರೇಕು ಹಿಡಿಯುವ ಮುಂಚೆಯೇ ದನಿ ಎತ್ತಿದ್ದ.

"ಬಸ್ಸು ನನ್ನೆದುರ್ಗೇ ಓಯ್ತು. ಅದ್ರಲ್ಲಿ ನೀನಿರ್ನಿಲ್ಲ. ಇವತ್ತೇನ್ ಕತೆ ಕಟ್ಟೀಯೆ ನೀನು?"

ರಂಜಿತಳಿಗೆ ಅಳು ಬಂತು. ಹೊನ್ನಪ್ಪನವರು ಮುಂದೆ ಬಂದರು.

"ಬಸ್ಸು ನಿಲ್ಲುಸ್ನಿಲ್ಲ ಕಣಪ್ಪ. ನಾನೂ ಇವರ ಜೊತೆ ಇಲ್ಲೇ ನಿಂತಿದ್ದೆ. ನಾನು ಪೇಪರ್ ಹೊನ್ನಪ್ಪ."

ಮುದ್ದಯ್ಯ ಸೈಕಲ್ ಇಳಿದು ತಲೆಯ ಟವಲ್ಲು ತೆಗೆದ. "ನೀವಾ ಸಾಮಿ? ನಿಮ್ ಪೇಪರ್ನಲ್ಲೇ ಅಲ್ವಾ ಬಂದಿದ್ದು, ಬಸ್ಸು ಚೆಂದಾಗವೆ ಅಂತ? ಯಾರೋ ದೊಡ್ಡೋರು ಯೋಳವ್ರೆ ಅಂತ ಇತ್ತಲ್ಲ."

ದೊಡ್ಡವರ ಮೇಲೆ ಹಾಕಿಬಿಟ್ಟರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಯ ತನಕ ಬಂದೂ ಇತ್ತು. ಪಕ್ಕದಲ್ಲಿ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾವ ದೊಡ್ಡೋರೂ ಹೇಳ್ನಿಲ್ಲ ಮುದ್ದಯ್ಯ. ಅದ್ನ ನಾನೇ ಬರ್ದೆ. ಮನೇಲಿ ಕೂತ್ಕೊಂಡು, ಬಸ್ಸೂ ನೋಡ್ದೇನೆ, ಈ ಮಕ್ಕಳ್ನೂ ನೋಡ್ದೇನೆ ಬರ್ದೆ."

ಮುದ್ದಯ್ಯ ಹೊನ್ನಪ್ಪನವರನ್ನು ನೋಡಿದ, ಮಗಳನ್ನು ನೋಡಿದ. ಅವನ ದನಿ ಇಳಿದುಹೋಗಿತ್ತು.

"ಅಚ್ಚಾಗದೆ ಅಂತ ಅದ್ನ ನಂಬ್ದೆ. ಕಣ್ಮುಂದೆ ಬೆಳೆದ ಮಗಳ್ನ ನಂಬ್ನಿಲ್ವಲ್ಲಾ ನಾನು."

ಅವಳ ಹೆಗಲಿನಿಂದ ಪುಸ್ತಕದ ಚೀಲ ತೆಗೆದು ಸೈಕಲ್ಲಿನ ಹ್ಯಾಂಡಲಿಗೆ ತಗುಲಿಹಾಕಿದ. "ಅಳ್ಬ್ಯಾಡ ಕಣವ್ವ. ನೀ ಓದು. ಅವ್ರು ನಿಲ್ಲುಸ್ನಿಲ್ಲ ಅಂದ್ರೆ ದಿನಾ ನಾನೇ ಸೈಕಲ್ ತತ್ತೀನಿ."

ಎಲ್ಲರೂ ಹುಣಸೆಕೊಪ್ಪಲಿನ ದಾರಿಗೆ ತಿರುಗಿದರು. ಹೊನ್ನಪ್ಪನವರ ಮನೆ ಇತ್ತ ಪೇಟೆಯ ಕಡೆಗೆ. ಅವರು ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು ಹುಡುಗಿಯರ ಜೊತೆಗೇ ಹೊರಟರು.

"ಈ ಕಡೆ ಎಲ್ಲಿಗೆ ಸಾಮಿ?" ಎಂದ ಮುದ್ದಯ್ಯ.

"ಚಲುವಾಂಬನ ಮನೆಗೆ. ಅವರಪ್ಪನೂ ಅದ್ನೇ ಓದವ್ರಂತಲ್ಲ."

"ಅಯ್ಯೋ, ಅವ್ನು ಬಲೇ ಕ್ವಾಪಿಷ್ಠ. ಎತ್ತಾಕೊಂಡು ಬೈದ್ಬುಡ್ತಾನೆ ನಿಮ್ಮ."

"ಬೈಲಿ ಬುಡಪ್ಪ. ಬೈಸ್ಕಳಾಕೇ ಬತ್ತಾ ಇವ್ನಿ," ಎಂದು ಹೊನ್ನಪ್ಪನವರು ನಡೆದರು.