ಬಿಡ್ತು ಅನ್ನಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಗಂಡಸರ ವಾರ್ಡಿನ ಈ ಸಿಸ್ಟರಿಗೆ ಊಟಕ್ಕೆ ಪುರಸೊತ್ತಿರಲಿಲ್ಲ, ಮಾತಿಗೆ ಮಾತ್ರ ಬರವಿರಲಿಲ್ಲ. ಡ್ರಿಪ್ ಬದಲಿಸುತ್ತಾ, ದಿಂಬು ಸರಿಪಡಿಸುತ್ತಾ, ಎಲ್ಲರಿಗೂ ಧೈರ್ಯ ಹೇಳಿಕೊಂಡೇ ಓಡಾಡುವಳು. ರೋಗಿಗಳಿಗೆ ಅವಳೆಂದರೆ ಪ್ರಾಣ.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ದರ್ಜಿ ಇದ್ದ. ಶ್ವಾಸಕೋಶ ಪೂರ್ತಿ ಕೆಟ್ಟಿತ್ತು, ಬಾಯಿ ಮಾತ್ರ ಚುರುಕು. "ಈ ಅಂಗಿ ತೋಳು ಹೊಲಿದೋನಿಗೆ ಕಣ್ಣಿತ್ತಾ ಸಿಸ್ಟರ್?" ಎಂದು ಅವಳ ಯೂನಿಫಾರ್ಮನ್ನು ಆಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವನು ತಮಾಷೆ ಮಾಡಲಿಲ್ಲ.

"ನಾನು ಉಳಿಯಲ್ಲ ಸಿಸ್ಟರ್. ನಮ್ಮಕ್ಕನ ಹತ್ರ ಮಾತು ಬಿಟ್ಟು ವರ್ಷಗಳಾಯ್ತು. ಅವಳಿಗೆ..."

"ಅಯ್ಯೋ, ಬಿಡ್ತು ಅನ್ನಿ! ಅಂಥ ಮಾತೆಲ್ಲ ಆಡಬಾರ್ದು. ನೀವೇ ಎದ್ದು ಹೋಗಿ ಮಾತಾಡ್ಸೋರಂತೆ."

"ಬಿಡ್ತು," ಎಂದ ದರ್ಜಿ, ಗೋಡೆ ಕಡೆ ಹೊರಳಿದ. ಮಾರನೆಯ ದಿನವೂ ಅವನು ಬಾಯಿ ತೆರೆದ, ಅವಳು ಮತ್ತೆ ಬಿಡ್ತು ಅನ್ನಿಸಿದಳು.

ಆ ವಾರವೇ ನರ್ಸುಗಳಿಗೆ ರೋಗಿಗಳ ಜೊತೆ ಮಾತಾಡುವ ತರಬೇತಿ ಬಂತು. "ನನಗೆ ಮಾತು ಕಲಿಸ್ತಾರಂತೆ!" ಎಂದು ಅವಳು ನಗುತ್ತಲೇ ಹೋದಳು. ತರಬೇತಿಯ ಮೇಡಂ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬರು ರೋಗಿ, ಒಬ್ಬರು ನರ್ಸ್. ರೋಗಿಯಾಗಿದ್ದ ಗೆಳತಿ "ನನಗೆ ಸಾಯೋ ಭಯ ಆಗ್ತಿದೆ" ಅಂದದ್ದೇ ತಡ, ಇವಳ ಬಾಯಿಂದ "ಬಿಡ್ತು ಅನ್ನಿ!" ಬಂದೇಬಿಟ್ಟಿತು. ಎಲ್ಲರೂ ಗೊಳ್ಳೆಂದರು.

ಮೇಡಂ ನಗಲಿಲ್ಲ. "ಈಗ ಸಮಾಧಾನ ಆಗಿದ್ದು ಯಾರಿಗೆ? ಅವರಿಗಾ, ನಿಮಗಾ?"

ಅವಳಿಗೆ ಗೋಡೆ ಕಡೆ ಹೊರಳಿದ ದರ್ಜಿ ನೆನಪಾದ. ತರಗತಿ ಮುಗಿದದ್ದೇ ವಾರ್ಡಿಗೆ ಓಡಿದಳು, ಸ್ಟೂಲು ಎಳೆದು ದರ್ಜಿಯ ಪಕ್ಕ ಕೂತಳು. ಅವನಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು, ಪ್ರಜ್ಞೆ ಇರಲಿಲ್ಲ.

"ಅಕ್ಕನಿಗೆ ಏನು ಹೇಳ್ಬೇಕಿತ್ತು? ಹೇಳಿ, ಕೇಳ್ತೀನಿ."

ಕಿವಿಯ ಹತ್ತಿರ ಬಾಗಿ ಮತ್ತೆ ಮತ್ತೆ ಕೇಳಿದಳು. ಅವಳಿಗೆ ತನ್ನ ನಾಲಗೆಯ ಮೇಲೇ ಹೇಸಿಗೆ ಬಂತು. ಸಂಜೆಗೆ ಅವನು ಹೋದ.

ದರ್ಜಿಯ ಅಂಗಡಿಯ ಪಕ್ಕದವರಿಂದ ಸುದ್ದಿ ತಿಳಿದು ಅಕ್ಕ ಬಂದರು. ತಮ್ಮನ ಮುಖವನ್ನು ಬಹಳ ಹೊತ್ತು ನೋಡಿ, ಹೊದಿಕೆ ನೆಟ್ಟಗೆ ಮಾಡಿ, ಕೇಳಿದರು: "ನನ್ನ ವಿಷಯ ಏನಾದ್ರೂ ಹೇಳಿದ್ನಾಮ್ಮ?"

ಸಿಸ್ಟರ್ ನಾಲಗೆಯ ತುದಿಗೆ ಚೆಂದದ ಸುಳ್ಳೊಂದು ಬಂದಿತ್ತು. ಅದನ್ನು ನುಂಗಿದಳು.

"ಹೇಳೋಕೆ ಬಂದ್ರಮ್ಮ. ನಾನೇ ಬಾಯಿ ಮುಚ್ಚಿಸಿದೆ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತಳು. ಅಕ್ಕ ಬೈಯಲಿಲ್ಲ. ತಮ್ಮನ ತಲೆ ಸವರುತ್ತಾ ತಮಗೆ ತಾವೇ ಎಂಬಂತೆ ಹೇಳಿದರು:

"ಚಿಕ್ಕವನಿದ್ದಾಗಲೂ ಹಾಗೇ. ಸುಮ್ನಿರು ಅಂದ್ರೆ ಸುಮ್ನಾಗ್ಬಿಡೋನು."