ಎಡವಿದ್ದೇ ಹೆಜ್ಜೆಯಾಯಿತು

ಅಭ್ಯಾಸದ ಕೊಠಡಿಯಲ್ಲಿ ಕನ್ನಡಿಗೋಡೆಗೆ ಬೆನ್ನು ಹಾಕಿ ಕುಳಿತಿದ್ದ ದೊಡ್ಡಮ್ಮ ಇದ್ದಕ್ಕಿದ್ದಂತೆ ಕೈ ತಟ್ಟಿ ಪಿಯಾನೊ ನಿಲ್ಲಿಸಿದರು. ಎತ್ತರಕ್ಕೆ ನೆಗೆದ ನರ್ತಕಿ ನೆಲ ಮುಟ್ಟುತ್ತಲೇ ಬಲಮಂಡಿ ಕುಸಿದು, ಕೈಯೂರಿ, ತಲೆ ತಗ್ಗಿಸಿ, ಕ್ಷಣಕಾಲ ಹಾಗೆಯೇ ಉಳಿದು ಎದ್ದಿದ್ದಳು.

“ಪೆಟ್ಟಾಯ್ತೇನಮ್ಮ?”

“ಇಲ್ಲ ಮೇಡಂ, ಅದು ಸ್ಟೆಪ್ಪು. ವಿಡಿಯೋದಲ್ಲಿ ಹಾಗೇ ಇದೆಯಲ್ಲ?”

ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಲೆಯಲ್ಲೂ ಸಮಕಾಲೀನ ನೃತ್ಯದಲ್ಲೂ ಸಮನಾಗಿ ಕೃತಿ ಕಟ್ಟಿದ ಸಂಯೋಜಕಿ ಆಕೆ. ಬ್ಯಾಲೆಯವರು ಬರಿಗಾಲಿನವಳೆಂದು ಹಳಿದರು. ಸಮಕಾಲೀನರು ತುದಿಗಾಲಿನವಳೆಂದು ನಕ್ಕರು. ಎರಡೂ ಕಡೆಯವರ ಬಾಯಿ ಒಟ್ಟಿಗೆ ಮುಚ್ಚಿಸಿದ್ದು ಈ ಒಂದೇ ಕೃತಿ. ಅದರ ಮೊದಲ ಪ್ರದರ್ಶನದಲ್ಲಿ ಕುಣಿದವರು ಒಡಹುಟ್ಟಿದ ತಂಗಿ. ಆ ಸಂಜೆಯೇ ಅವರ ಮಂಡಿಯೊಳಗಿನ ನಾರು ಹರಿಯಿತು. ಮತ್ತೆ ವೇದಿಕೆ ಹತ್ತಲಿಲ್ಲ. ಕೃತಿಯೂ ಅಲ್ಲಿಗೇ ನಿಂತಿತು. ಈಗ ತಂಡದ ನಿರ್ದೇಶಕಿಯಾಗಿದ್ದ ತಂಗಿಯ ಮಗಳು ಆ ಸಂಜೆಯ ವಿಡಿಯೋ ನೋಡಿಯೇ ಅದನ್ನು ಮರಳಿ ಕಲಿಸಿದ್ದಳು, ಬಿದ್ದದ್ದನ್ನೂ ಸೇರಿಸಿ.

“ಅದು ಸ್ಟೆಪ್ಪಲ್ಲ ಕಣೇ, ನಿಮ್ಮಮ್ಮ ಬಿದ್ದದ್ದು! ಅಲ್ಲಿ ಸುತ್ತು ತಿರುಗಬೇಕು. ಅದನ್ನ ಹಾಕು, ಇದನ್ನ ತೆಗಿ,” ಎಂದರು ಪಿಯಾನೊ ಪಕ್ಕ ನಿಂತಿದ್ದ ಆ ಮಗಳಿಗೆ.

“ಗೊತ್ತಿದ್ದೇ ಇಟ್ಟಿದ್ದೀನಿ, ದೊಡ್ಡಮ್ಮ.”

“ಯಾರನ್ನ ಕೇಳಿ?”

“ನನ್ನನ್ನ,” ಎಂದರು ತಂಗಿ, ಬಾಗಿಲ ಬಳಿಯ ಬೆಂಚಿನಿಂದ. “ಅದರಲ್ಲಿ ನಾನು ಉಸಿರೆಳೆದದ್ದೂ ನೀನು ಹೇಳಿಕೊಟ್ಟ ಹಾಗೇ. ನನ್ನದು ಅಂತ ಇರೋದು ಆ ಬಿದ್ದದ್ದೊಂದೇ, ಅಕ್ಕ. ಇರಲಿ ಬಿಡು.”

“ಆವತ್ತು ಸೀನಿದ್ದರೆ ಅದನ್ನೂ ಕಲಿಸ್ತಿದ್ದಿರೇನೋ!”

“ತಾಳಕ್ಕೆ ಸೀನಿದ್ದರೆ ಕಲಿಸ್ತಿದ್ದೆ,” ಎಂದಳು ಮಗಳು. ಪಿಯಾನೊದವನು ನಗು ನುಂಗಲು ಕೆಮ್ಮಿದ.

ದೊಡ್ಡಮ್ಮ ಎದ್ದು ನಿಂತರು. “ಸರಿ. ಇದು ಇದ್ದರೆ ನನ್ನ ಹೆಸರು ಇರಬಾರದು. ಪೋಸ್ಟರಿನಿಂದ ತೆಗೆಸಿಬಿಡು.”

ಈ ಮಾತು ಆಡಿದಾಗಲೆಲ್ಲ ಎಂತೆಂಥ ಸಂಗೀತಗಾರರು, ರಂಗಮಂದಿರದ ಅಧಿಕಾರಿಗಳು ಬಂದು ಕೈಕಾಲು ಹಿಡಿಯುತ್ತಿದ್ದರು. ಅದನ್ನೇ ನಿರೀಕ್ಷಿಸುತ್ತ ನಿಂತರು. ಮಗಳು ತಾಯಿಯ ಮುಖ ನೋಡಿದಳು. ತಾಯಿ ಮೆಲ್ಲಗೆ ತಲೆಯಾಡಿಸಿದರು.

“ಆಯ್ತು ದೊಡ್ಡಮ್ಮ. ಇವತ್ತೇ ಪ್ರೆಸ್ಸಿಗೆ ಹೇಳ್ತೀನಿ.”

“ಇನ್ನು ಯಾರ ಹೆಸರು ಹಾಕ್ತೀಯೆ? ಇವಳದಾ?”

“ನನಗೆ ಹೆಸರು ಯಾಕಕ್ಕ,” ಎಂದರು ತಂಗಿ. “ಅದು ಯಾವತ್ತೂ ನಿನಗೇ ಬೇಕಾಗಿದ್ದದ್ದು.”

ಪಿಯಾನೊ ಮತ್ತೆ ಮೊದಲಾಯಿತು. ನರ್ತಕಿ ನೆಗೆದಳು, ಕುಸಿದಳು, ಕೈಯೂರಿ ನೆಲ ನೋಡಿದಳು. ಜೀವಮಾನವಿಡೀ ಪಳಗಿದ ತಮ್ಮ ಕಣ್ಣಿಗೆ ಸುಳ್ಳು ಹೇಳುವುದು ದೊಡ್ಡಮ್ಮನಿಂದಲೂ ಆಗಲಿಲ್ಲ. ಆ ನೆಗೆತದ ಮೇಲೆ ಬೇರೇನೂ ಬರಲಾರದು. ಸುತ್ತು ಬರೀ ಚಮತ್ಕಾರ. ತಾವು ಕಟ್ಟಿದ್ದರಲ್ಲೆಲ್ಲ ಶ್ರೇಷ್ಠವಾದದ್ದು ತಾವು ಕಟ್ಟದೆ ಇದ್ದದ್ದು.

‘ಹೆಸರು ಇರಲಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬಿಗುಮಾನ ಬಿಡಲಿಲ್ಲ. ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರನಡೆದರು.